ಟಚ್ ಆ್ಯಂಡ್ ಗೋ ಅಂದ್ರ

ಇಂಗ್ಲಿಷಿನ್ಯಾಗ ನನಗ ತ್ರಾಸು ಕೊಡೂವು ದೊಡ್ಡ ಶಬ್ದ ಅಲ್ಲ, ಅವಕ್ಕ ಡಿಕ್ಷನರಿ ಅದ. ಸಣ್ಣ ಶಬ್ದನ ಜೀವಾ ತಿಂತಾವ ನೋಡ್ರಿ. ಟಚ್ ಎಲ್ಲಾರಿಗೂ ಗೊತ್ತು, ಗೋ ಸೈತ ಗೊತ್ತು. ಎರಡೂ ಕೂಡಿದ್ರ ಅರ್ಥನ ಬ್ಯಾರೆ.

ಹ್ವಾದ ವರ್ಷ ನಮ್ಮಕ್ಕ ಮಗಳ ಬಾಣಂತನಕ್ಕಂತ ಇಂಗ್ಲೆಂಡಿಗೆ ಹೋಗಿದ್ಲು. ಏಳು ತಿಂಗಳಿಗೇ ಹೆರಿಗಿ ಆತು. ಕೂಸನ್ನ ಗಾಜಿನ ಪೆಟಿಗ್ಯಾಗ ಇಟ್ಟಿದ್ರು. ಅಕ್ಕನ ಅಳಿಯ ಫೋನ್ ಮಾಡಿ ಡಾಕ್ಟರ್ ಅಂದದ್ದನ್ನ ಇದ್ದಕ್ಕಿದ್ದಂಗ ಹೇಳಿದ: "ಟಚ್ ಆ್ಯಂಡ್ ಗೋ ಅಂತಾರ." ಸ್ಪೀಕರಿನ್ಯಾಗ ಕೇಳಿದ ನಮ್ಮವ್ವನ ಮುಖ ಅರಳ್ತು. "ದಿನಾ ಮುಟ್ಟಿ ಹೋಗ್ರಿ ಅಂದಾರಲ್ಲ, ಅಷ್ಟರ ಬಿಡ್ತಾರ, ಪುಣ್ಯಾತ್ಮರು."

ಅದರ ಅರ್ಥ, ಉಳೀಲೂಬಹುದು, ಹೋಗಲೂಬಹುದು, ಈಗ ಏನೂ ಹೇಳಾಕ ಬರಂಗಿಲ್ಲ ಅಂತ. ನಾ ಅಡಗಿಮನಿಗೆ ಹೋಗಿ ನೀರು ಕುಡದು ಬಂದೆ. ಅವ್ವಗ 80 ಆಗ್ಯಾವ. ಹೇಳದ ಬಿಟ್ರ ಆ ರಾತ್ರಿ ಚಂದಂಗ ನಿದ್ದಿ ಮಾಡ್ತಿದ್ಲು. ಆದ್ರ ಆರು ಹಡದು ಎರಡು ಕಳಕೊಂಡಾಕಿ ಅಕಿ. ಅಕಿನ್ನ ಸಣ್ಣ ಹುಡುಗಿ ಮಾಡಿ ಕೂಡಸೂದು ನನಗ ಸರಿ ಕಾಣಲಿಲ್ಲ. ಹೇಳಿದೆ. ಭಾಳ ಹೊತ್ತು ಸುಮ್ಮ ಕೂತ್ಲು. ಆಮ್ಯಾಲೆ, "ಸೀದಾ ಹೇಳಾಕ ಏನಾಗಿತ್ತು ಅವರಿಗೆ?" ಅಂದ್ಲು.

ನಾವೂ ಎಲ್ಲೆ ಸೀದಾ ಹೇಳ್ತೀವಿ? ಡಾಕ್ಟರು ಕೈ ಚೆಲ್ಲಿದ್ರು ಅಂತೀವಿ, ಇಂಗ್ಲೆಂಡಿನಾಕಿ ಕೇಳಿದ್ರ ನೆಲದ ಮ್ಯಾಲ ಏನ್ ಚೆಲ್ಲೇದ ಅಂತ ಹುಡುಕ್ಯಾಳು. ಕೈ ಸುದ್ದಿನ ವಿಚಿತ್ರ. ಅವರಲ್ಲೆ ಹ್ಯಾಂಡ್ ಕೊಡೂದಂದ್ರ ಸಹಾಯ ಮಾಡೂದು. ನಮ್ಮಲ್ಲೆ ಕೈ ಕೊಟ್ಟ ಅಂದ್ರ ನಡುನೀರಾಗ ಬಿಟ್ಟ ಅಂತ! ಔಟ್ ಆಫ್ ಹ್ಯಾಂಡ್ ಒಂದು ಮಾತ್ರ ನಮ್ಮ "ಕೈ ಮೀರೇದ" ಜೋಡಿ ಸರಿಯಾಗಿ ಕೂಡ್ತದ.

ನಾಕು ದಿನ ಬಿಟ್ಟು ಅಳಿಯ ಮತ್ತ ಫೋನ್ ಮಾಡಿದ: "ನಾಟ್ ಔಟ್ ಆಫ್ ದ ವುಡ್ಸ್ ಯೆಟ್." ಈ ಸಲ ಅವ್ವ ಮೊದಲ ನನ್ನ ಮಾರಿ ನೋಡಿದ್ಲು. "ಇನ್ನೂ ಅಡವಿ ದಾಟಿಲ್ಲಂತ, ಅಂದ್ರ ಗಂಡಾಂತರ ಪೂರಾ ಕಳದಿಲ್ಲ" ಅಂದೆ. ಇದು ಅಕಿಗೆ ಥಟ್ಟನೆ ತಿಳೀತು. ಅಕಿ ತವರಮನಿ ಹಳಿಯಾಳದ ಕಡೆ. ಸಣ್ಣಾಕಿದ್ದಾಗ ಚಕ್ಕಡಿ ಅಡವಿ ದಾಟೂತನಕಾ ಅವರಪ್ಪ ಒಂದ್ ಮಾತೂ ಆಡ್ತಿರಲಿಲ್ಲಂತ. ಊರ ದೀಪ ಕಂಡ ಮ್ಯಾಲೇ ಎಲಿ ಅಡಿಕಿ ಬಾಯಿಗೆ ಹಾಕ್ತಿದ್ರಂತ. ಅವತ್ತಿನಿಂದ ಅವ್ವ ದಿನಾ ಒಂದ ಕೇಳ್ತಿದ್ಲು, "ದೀಪ ಕಂಡ್ತೇನವಾ?"

52ನೇ ದಿನಕ್ಕ ಕೂಸು ಮನಿಗೆ ಬಂತು. ಅಳಿಯ ಫೋನಿನ್ಯಾಗ ಒದರಿದ, "ಅಜ್ಜಿ, ವಿ ಆರ್ ಓವರ್ ದ ಮೂನ್!"

ನಾ ಅರ್ಥಾ ಹೇಳೂದ್ರಾಗನ ಅವ್ವ ಫೋನ್ ಕಸಗೊಂಡು, "ಚಂದ್ರ ಇರ್ಲಿ, ಹಾಲು ಚಂದಂಗ ಕುಡೀತದೇನಪಾ?" ಅಂತ ಕೇಳಿದ್ಲು.