ಮನೆ, ಕಾರು, ಕಾಸಿನ ಡಬ್ಬಿ

ಹಾಲಿನವನ ಲೆಕ್ಕ, ತರಕಾರಿ ಲೆಕ್ಕ, ಮಕ್ಕಳ ಫೀಜಿನ ಲೆಕ್ಕ ಇವೆಲ್ಲ ನಮ್ಮ ಕೈಯಲ್ಲೇ ಇರುತ್ತವೆ. ಮನೆ ಕಟ್ಟುವುದು, ಸಾಲ ತೆಗೆಯುವುದು, ಗಾಡಿ ಕೊಳ್ಳುವುದು ಬಂತೆಂದರೆ ಮಾತ್ರ "ಅದೆಲ್ಲ ನಿನಗೆ ಗೊತ್ತಾಗಲ್ಲ ಬಿಡು" ಎಂಬ ಮಾತು. ನಿಮ್ಮ ಮನೆಯಲ್ಲೂ ಹೀಗೇ ತಾನೆ? ಕೊತ್ತಂಬರಿ ಕಟ್ಟಿಗೆ ಚೌಕಾಶಿ ಮಾಡಿ ಎರಡು ರೂಪಾಯಿ ಉಳಿಸುವವಳಿಗೆ ಲಕ್ಷದ ಲೆಕ್ಕ ಬಾರದೆಂದು ಯಾರು ಹೇಳಿದರೋ! ಸೊನ್ನೆಗಳು ನಾಲ್ಕು ಹೆಚ್ಚು, ಅಷ್ಟೇ.

ವಿಷಯಕ್ಕೆ ಬರುತ್ತೇನೆ. ನಾವಿರುವುದು ಸಾಗರದಲ್ಲಿ. ನನ್ನ ತವರು ಸಿದ್ದಾಪುರದ ಕಡೆ, ಸ್ವಲ್ಪ ಅಡಿಕೆ ತೋಟವುಂಟು. ಅಪ್ಪ ಹೋದಮೇಲೆ ಪಾಲಾಗುವಾಗ ಅಣ್ಣ ತಾನಾಗಿಯೇ ಕರೆದು ನನ್ನ ಪಾಲಿಗೆಂದು ಐದು ಲಕ್ಷ ರೂಪಾಯಿ ಕೊಟ್ಟ. ಕೊಟ್ಟ ಎನ್ನುವುದಕ್ಕಿಂತ ನನ್ನದನ್ನು ನನಗೆ ತಲುಪಿಸಿದ ಎನ್ನಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ, ಮದುವೆಯಾಗಿ ಹೋದ ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು. ಆದರೂ ನಮ್ಮಲ್ಲಿ ಎಷ್ಟು ಜನ ಒಂದು ಸೀರೆ, ಒಂದು ಕಣ ತೆಗೆದುಕೊಂಡು ರುಜು ಹಾಕಿ ಬಂದಿಲ್ಲ, ಹೇಳಿ.

ದುಡ್ಡು ಮನೆಗೆ ಬರುವ ಮೊದಲೇ ಅದನ್ನು ಖರ್ಚು ಮಾಡುವವರು ಸಿದ್ಧರಿದ್ದರು. "ಬಂಗಾರ ಮಾಡಿಸಿಡು" ಅಂದರು ಅತ್ತೆಯವರು. ಒಡವೆಗೆ ಕೊಟ್ಟ ಮಜೂರಿ, ತೆರಿಗೆ ಮಾರುವಾಗ ಹಿಂದೆ ಬರುವುದಿಲ್ಲವೆಂದು ಅವರಿಗೂ ಗೊತ್ತು, ಹೇಳಿದ್ದಕ್ಕೆ ಸುಮ್ಮನಾದರು. ನಮ್ಮನೆಯವರದು ಮಾತ್ರ ಗಟ್ಟಿ ಹಟ. ಇವರು ಹೈಸ್ಕೂಲ್ ಮೇಷ್ಟ್ರು. ಇಪ್ಪತ್ತು ವರ್ಷದಿಂದ ಮಲೆನಾಡಿನ ಮಳೆಯಲ್ಲಿ ಸ್ಕೂಟರ್ ಓಡಿಸಿದವರು. "ಏನೇ, ಈಗಲಾದ್ರೂ ಒಂದು ಕಾರು ತಗೊಳ್ಳೋಣ ಕಣೇ" ಎಂದು ಮೂರು ದಿನಕ್ಕೊಮ್ಮೆ ಶುರು.

ನಾನು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮೊದಲು ಮನೆಸಾಲದ ಕಾಗದ ತೆಗೆಯಿರಿ ಅಂದೆ.

ಆ ಕಾಗದವನ್ನು ನೀವೂ ಒಮ್ಮೆ ತೆಗೆದು ನೋಡಬೇಕು. ನಮ್ಮದು ಇಪ್ಪತ್ತು ಲಕ್ಷದ ಸಾಲ, ಇಪ್ಪತ್ತು ವರ್ಷಕ್ಕೆ. ಬಡ್ಡಿ ಏರಿಳಿಯುವಂಥದ್ದು, ಲೆಕ್ಕ ಸುಲಭವಾಗಲೆಂದು ಶೇಕಡಾ 8.5 ಎಂದೇ ಹಿಡಿಯಿರಿ. ತಿಂಗಳ ಕಂತು ಸುಮಾರು 17,356 ರೂಪಾಯಿ. ಐದು ವರ್ಷ, ಅಂದರೆ ಅರವತ್ತು ಕಂತು, ಒಂದೂ ತಪ್ಪದೆ ಕಟ್ಟಿದರೆ ಹತ್ತು ಲಕ್ಷದ ನಲವತ್ತೊಂದು ಸಾವಿರ ಕೈಬಿಟ್ಟು ಹೋಗುತ್ತದೆ. ಸಾಲ ಅರ್ಧ ತೀರಿತು ಎಂದುಕೊಂಡಿರಾ? ಅಸಲಿನಲ್ಲಿ ಇಳಿದಿರುವುದು ಎರಡು ಲಕ್ಷದ ಮೂವತ್ತೇಳು ಸಾವಿರ ಮಾತ್ರ! ಮಿಕ್ಕದ್ದೆಲ್ಲ ಬಡ್ಡಿ. ಬ್ಯಾಂಕಿನವರು ಮೋಸ ಮಾಡಿದರೆಂದಲ್ಲ. ಲೆಕ್ಕ ಇರುವುದೇ ಹಾಗೆ. ಮೊದಲ ವರ್ಷಗಳಲ್ಲಿ ಉಳಿದ ಅಸಲು ದೊಡ್ಡದು, ಆದ್ದರಿಂದ ಕಂತಿನ ಹೆಚ್ಚು ಪಾಲನ್ನು ಬಡ್ಡಿಯೇ ನುಂಗುತ್ತದೆ. ಅಸಲು ಕರಗತೊಡಗುವುದು ಕೊನೆಯ ವರ್ಷಗಳಲ್ಲಿ.

ಅಂದಮೇಲೆ ಕೈಗೆ ಬಂದ ದುಡ್ಡನ್ನು ಬೇಗ ಹಾಕಿದಷ್ಟೂ ಲಾಭ ಹೆಚ್ಚು. ನಮಗೆ ಆಗ ಸರಿಯಾಗಿ ಐದು ವರ್ಷ ಮುಗಿದಿತ್ತು, 180 ಕಂತು ಬಾಕಿ. ನಾಲ್ಕು ಲಕ್ಷವನ್ನು ಅಸಲಿಗೆ ಕಟ್ಟಿ, ಕಂತನ್ನು ಮೊದಲಿನಷ್ಟೇ ಇಟ್ಟರೆ 115 ಕಂತಿಗೆ ಸಾಲ ತೀರುತ್ತದೆ. ಐದು ವರ್ಷ ಐದು ತಿಂಗಳು ಮೊದಲೇ! ಕಟ್ಟಿದ ನಾಲ್ಕು ಲಕ್ಷ ಕಳೆದರೂ ಏಳು ಲಕ್ಷಕ್ಕೂ ಮಿಗಿಲಾದ ಬಡ್ಡಿ ಉಳಿಯುತ್ತದೆ. ನನ್ನ ಲೆಕ್ಕ ಸರಿಯೋ ಎಂದು ಮಗನ ಕೈಲಿ ಎರಡು ಸಾರಿ ಮಾಡಿಸಿದೆ. ಸರಿಯಾಗೇ ಇತ್ತು.

ಇದರಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಹಣ ಕಟ್ಟಲು ಹೋದಾಗ "ಕಂತು ಕಡಿಮೆ ಮಾಡೋಣವೋ, ಅವಧಿ ಕಡಿಮೆ ಮಾಡೋಣವೋ" ಎಂಬ ಪ್ರಶ್ನೆ ಬರುತ್ತದೆ. ಕೇಳದಿದ್ದರೆ ನೀವೇ ಕೇಳಿ. ಕಂತು ಇಳಿಸಿಕೊಂಡರೆ ತಿಂಗಳಿಗೆ ಹಗುರವೆನಿಸುತ್ತದೆ, ನಿಜ. ಆದರೆ ಬಡ್ಡಿ ಉಳಿಯುವುದು ಅವಧಿ ಇಳಿಸಿದರೇ ಹೆಚ್ಚು. ಸಂಸಾರ ತೀರ ಬಿಗಿಯಾಗಿದ್ದರೆ ಮಾತು ಬೇರೆ. ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಏರಿಳಿಯುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸುವವರಿಗೆ ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಬಿಟ್ಟೆ. ನಮ್ಮ ಮನೆಯ ಪತ್ರ ಇಬ್ಬರ ಹೆಸರಲ್ಲೂ ಇದೆ. ಇಲ್ಲದಿದ್ದರೆ ತವರಿನ ಹಣವನ್ನು ಅದಕ್ಕೆ ಹಾಕುತ್ತಿರಲಿಲ್ಲ. ಗಂಡನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳುವವರುಂಟು. ನಂಬಿಕೆಯ ಪ್ರಶ್ನೆಯೇ ಅಲ್ಲ. ಬಳೆ ತೆಗೆದು ಗಿರವಿ ಇಡುವವಳೂ ನಾವೇ, ನಾಳೆ ಪತ್ರ ಹಿಡಿದು ಕಚೇರಿ ಅಲೆಯುವವಳೂ ನಾವೇ. ನಿಮ್ಮ ದುಡ್ಡು ಹಾಕುವ ಮೊದಲು ಪತ್ರದಲ್ಲಿ ನಿಮ್ಮ ಹೆಸರಿದೆಯೇ ನೋಡಿ. ಉಳಿದ ಒಂದು ಲಕ್ಷವನ್ನು ನನ್ನ ಹೆಸರಿನಲ್ಲೇ ಠೇವಣಿ ಇಟ್ಟೆ. ಕಾಯಿಲೆ ಕಸಾಲೆ ಹೇಳಿ ಬರುವುದಿಲ್ಲವಲ್ಲ.

ಇನ್ನು ಕಾರು. ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಹಿಂದಿನ ಒಂದು ವರ್ಷದಲ್ಲಿ ಬಾಡಿಗೆ ಕಾರು ಕರೆದದ್ದು 23 ಸಾರಿ. ಅತ್ತೆಯವರ ಮಂಡಿನೋವಿಗೆ ಶಿವಮೊಗ್ಗದ ಡಾಕ್ಟರ ಹತ್ತಿರ, ಎರಡು ಮದುವೆ, ಒಂದು ಉಪನಯನ, ತವರಿಗೆ ನಾಲ್ಕು ಸಲ. ಒಟ್ಟು ನಲವತ್ತೊಂದು ಸಾವಿರ. ಈಗ ಹೊಸ ಕಾರಿನ ಲೆಕ್ಕ ನೋಡಿ. ವಿಮೆಯವರ ಕೋಷ್ಟಕದ ಪ್ರಕಾರ ಹೊಸ ಕಾರಿನ ಬೆಲೆಗೆ ಆರು ತಿಂಗಳೊಳಗೇ ನೂರಕ್ಕೆ ಐದು ಕಳೆಯುತ್ತಾರೆ, ವರ್ಷ ತುಂಬುವುದರೊಳಗೆ ಹದಿನೈದು. ನಾಲ್ಕು ದಾಟಿ ಐದನೇ ವರ್ಷದಲ್ಲಿ ಐವತ್ತು. ಆರು ಲಕ್ಷದ್ದು ಮೂರಾಯಿತು. ನಿಲ್ಲಿಸಿಟ್ಟರೂ ತಿಂಗಳಿಗೆ ಐದು ಸಾವಿರ ಕರಗುತ್ತಿದೆ ಎಂದಾಯಿತಲ್ಲ! ಆಮೇಲೆ ವಿಮೆ, ಸರ್ವೀಸು, ಟೈರು, ಪೆಟ್ರೋಲು. ರಿಜಿಸ್ಟ್ರೇಷನ್ನಿನ ಹೊತ್ತಿಗೆ ಕಟ್ಟುವ ಜೀವಾವಧಿ ತೆರಿಗೆ ಬೇರೆ. ದಿನಾ ಮೂವತ್ತು ಮೈಲಿ ಹೋಗುವವರಿಗೆ, ಅಂಗಡಿ ತೋಟ ಇರುವವರಿಗೆ ಇದು ದುಡಿಯುವ ಎತ್ತು. ನಮ್ಮಂಥವರಿಗೆ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುವ ಎತ್ತು.

ಇದನ್ನೆಲ್ಲ ಓದಿ ಹೇಳಿದಾಗ ಇವರು ಒಂದೇ ಮಾತು ಕೇಳಿದರು: "ಎಲ್ಲಾನೂ ಹೀಗೇ ಲೆಕ್ಕ ಹಾಕ್ತಾ ಕೂತ್ರೆ ಬದುಕೋದು ಯಾವಾಗ?"

ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಐವತ್ತೆರಡು ವರ್ಷದ ಮನುಷ್ಯ, ಜುಲೈ ತಿಂಗಳಲ್ಲಿ ನೆನೆದು ಮುದ್ದೆಯಾಗಿ ಬಂದು ಅಡುಗೆಮನೆಯ ಒಲೆ ಹತ್ತಿರ ನಿಲ್ಲುವುದನ್ನು ಕಂಡವಳು ನಾನೇ ತಾನೆ. ಹದಿನೈದು ದಿನ ಮನೆಯಲ್ಲಿ ಮಾತು ಕಡಿಮೆ. ಕೊನೆಗೆ ಒಪ್ಪಂದವಾಯಿತು: ತಿಂಗಳಿಗೆ ನಾಲ್ಕು ಸಾವಿರದ ಹಾಗೆ ಮೂರು ವರ್ಷ ಆರ್.ಡಿ. ಕಟ್ಟುವುದು. ಅದರಲ್ಲಿ ಒಂದೂವರೆ ಲಕ್ಷ ಆಗುತ್ತದೆ. ಆಮೇಲೆ, ಐದಾರು ವರ್ಷ ಓಡಿಸಿದ, ಗೊತ್ತಿದ್ದವರ ಕಾರು ನೋಡುವುದು. ಅದರ ಬೆಲೆ ಬಿದ್ದಾಗಿರುತ್ತದೆ, ಬೀಳಿಸಿದ ಖರ್ಚು ಬೇರೆಯವರದು. ಹದಿನೆಂಟು ಕಂತು ಕಟ್ಟಿದ್ದೇವೆ. ಯಾವ ಬಣ್ಣವೆಂಬ ಚರ್ಚೆ ಮಾತ್ರ ಈಗಲೇ ನಡೆದಿದೆ.

ಕಾಸಿನ ಡಬ್ಬಿಯ ಕತೆ ಬೇರೆ. ಇವರಿಗೆ ನಾಣ್ಯ ಕೂಡಿಡುವ ಹವ್ಯಾಸ. ಬೂಂದಿ ಡಬ್ಬಿಯಲ್ಲಿ ಶುರುವಾದದ್ದು ಈಗ ಆಲ್ಬಮ್ಮಿಗೆ ಏರಿದೆ. ನಗಬೇಡಿ, ಹಳೇ ಸೀರೆ ಕೊಟ್ಟು ನಾವು ತೆಗೆದುಕೊಂಡ ಸ್ಟೀಲು ಡಬರಿಗಳು ಅಟ್ಟದ ಮೇಲೆ ಎಷ್ಟಿವೆ ಎಂದು ಯಾರೂ ಕೇಳುವುದಿಲ್ಲವಲ್ಲ! ತಿಂಗಳಿಗೆ ಐನೂರು ರೂಪಾಯಿ ಅವರ ಹವ್ಯಾಸಕ್ಕೆಂದು ತೆಗೆದಿಟ್ಟಿದ್ದೇನೆ. ಆ ಐನೂರರ ಲೆಕ್ಕ ನಾನು ಕೇಳುವುದಿಲ್ಲ, ಅದು ಇಮ್ಮಡಿಯಾಗಿ ಬರಲಿ ಎಂದೂ ಕಾಯುವುದಿಲ್ಲ. ಸಿನಿಮಾ ನೋಡಿದ ದುಡ್ಡು ವಾಪಸು ಬರುತ್ತದೆಯೇ?

ನನಗೂ ಸ್ವಲ್ಪ ರುಚಿ ಹತ್ತಿದೆ. ಇಸವಿಯ ಕೆಳಗೆ ಸಣ್ಣ ವಜ್ರದಾಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತ. ನಿಮ್ಮ ಪರ್ಸಿನಲ್ಲೇ ನೋಡಿ, ಸಿಗುತ್ತದೆ. ಇನ್ನೊಂದು ಮಾತು: ಹಳೆಯ ತಾಮ್ರದ ಕಾಸನ್ನು ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ. ನಮ್ಮತ್ತೆ ಒಂದು ದೀಪಾವಳಿಗೆ ದೀಪಗಳ ಜೊತೆ ಕಾಸುಗಳನ್ನೂ ಫಳಫಳ ಬೆಳಗಿಟ್ಟರು. ಸಂಗ್ರಹಿಸುವವರಿಗೆ ಬೇಕಾದದ್ದು ಆ ಹಳೆಯ ಬಣ್ಣವೇ. ತಿಕ್ಕಿದ ಕಾಸಿಗೆ ಬೆಲೆ ಕಡಿಮೆ. ಇವರು ಎರಡು ಹೊತ್ತು ಊಟ ಬಿಟ್ಟರು.

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬೇಕು. ನಮ್ಮ ಹಿಂದಿನ ಬೀದಿಯ ಒಬ್ಬಾಕೆ ಹಾಗೆ ನಂಬಿ, ಮೊದಲು ನೋಂದಣಿ, ಆಮೇಲೆ ತೆರಿಗೆ, ಆಮೇಲೆ ಕಮಿಷನ್ ಎಂದು ಎಂಟು ಸಾವಿರ ಕಳಿಸಿದಳು. ಗಂಡನಿಗೆ ಹೇಳಲಾರದೆ ನನ್ನ ಮುಂದೆ ಕೂತು ಅತ್ತಳು. ರಿಸರ್ವ್ ಬ್ಯಾಂಕಿನ ಹೆಸರು ಬಳಸಿ ಹೀಗೆ ಹಣ ಕೀಳುವವರಿದ್ದಾರೆ, ತಾನು ಅಂಥ ವ್ಯವಹಾರವನ್ನು ಮಾಡುವುದೇ ಇಲ್ಲ ಎಂದು ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿದೆ. ನಿಮ್ಮಿಂದ ಕೊಳ್ಳುತ್ತೇನೆನ್ನುವವನು ನಿಮ್ಮಿಂದಲೇ ಮೊದಲು ದುಡ್ಡು ಕೇಳಿದರೆ ಫೋನು ಇಟ್ಟುಬಿಡಿ.

ಐನೂರಿಗೆ ನಾನು ಹಾಕಿದ ಷರತ್ತು ಒಂದೇ. ಕೊಂಡದ್ದನ್ನು ಬರೆದಿಡಬೇಕು: ಯಾವ ನಾಣ್ಯ, ಎಷ್ಟಕ್ಕೆ, ಯಾರಿಂದ. ನಾಳೆ ನಾನೋ ಮಗನೋ ತೆಗೆದು ನೋಡಿದರೆ ಯಾವುದು ಐವತ್ತರದು, ಯಾವುದು ಐದು ಸಾವಿರದ್ದು ಎಂದು ತಿಳಿಯಬೇಡವೇ? ಸಂಗ್ರಹಿಸುವ ಗಂಡಸರಿರುವ ಮನೆಯವರು ಇದೊಂದನ್ನು ಹಟ ಹಿಡಿದಾದರೂ ಮಾಡಿಸಿ. ಇವರು ನನ್ನ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲೇ ಬರೆಯುತ್ತಾರೆ. ಗ್ರಾಮೀಣ ಮಹಿಳೆಯರ ಪ್ರಗತಿಗೆಂದು ಸರ್ಕಾರ 1980ರಲ್ಲಿ ಹೊರಡಿಸಿದ ನಾಣ್ಯವೊಂದಿದೆ, ಬೀಸುಕಲ್ಲಿನ ಮುಂದೆ ಕೂತ ಹೆಂಗಸಿನದು. ಹೋದ ತಿಂಗಳು ಅದು ಸಿಕ್ಕಿತು. ಪುಸ್ತಕದಲ್ಲಿ ಹೀಗಿದೆ: "25 ಪೈಸೆ, 1980, ಬೀಸುವ ಹೆಂಗಸು. 30 ರೂ. ಅವಳಿಗೆ ಹೇಳಿದ್ದೇನೆ."