ಪಂಪ್‌ವೆಲ್ಲಿನ ಮಾವ, ನ್ಯೂರೆಂಬರ್ಗಿನ ರೈಲು

ನಾನು ಮ್ಯೂನಿಕ್‌ನಲ್ಲಿದ್ದ ವರ್ಷಗಳಲ್ಲಿ ಊರಿಂದ ಸುಮಾರು ಜನ ಬಂದು ಹೋದರು. ಅರಮನೆ ನೋಡಿದರು, ಹಿಮ ನೋಡಿದರು. ಕನ್ನಡಕ ಹಾಕಿಕೊಂಡು ಅಲ್ಲಿಯ ರೈಲು ಟಿಕೆಟನ್ನು ಓದಲು ಕೂತವರು ಮಾವ ಒಬ್ಬರೇ. ಪಂಪ್‌ವೆಲ್ ವೃತ್ತದ ಹಿಂದಿನ ಓಣಿಯಲ್ಲಿ ಅವರ ಮನೆ. ರೈಲ್ವೆಯಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದವರು. ಹಳೆಯ ಕಂಕನಾಡಿ ಸ್ಟೇಷನ್, ಅಂದರೆ ಈಗಿನ ಮಂಗಳೂರು ಜಂಕ್ಷನ್ನಿನ ಕೌಂಟರಿನಲ್ಲೂ ಕೂತಿದ್ದರು. ಕಿಲೋಮೀಟರ್ ಎಷ್ಟೆಂದು ಹೇಳಿದರೆ ಸೆಕೆಂಡ್ ಕ್ಲಾಸಿನ ದರ ಬಾಯಿಗೇ ಬರುತ್ತಿತ್ತು.

2019ರ ಬೇಸಿಗೆಯಲ್ಲಿ ಮಾವ, ಅತ್ತೆ ಬಂದರು. ಬಂದ ಮರುದಿನವೇ ಅವರ ಕೈಗೆ ಊರೊಳಗೆ ಓಡಾಡುವ ಪಟ್ಟಿ ಟಿಕೆಟ್ ಕೊಟ್ಟೆ. ಉದ್ದದ ಕಾಗದ, ಅಡ್ಡಕ್ಕೆ 10 ಪಟ್ಟಿ. ಪೇಟೆಯೊಳಗಿನ ಒಂದು ಪ್ರಯಾಣಕ್ಕೆ ಎರಡು ಪಟ್ಟಿ. ಎರಡನೆಯ ಪಟ್ಟಿಯ ಗೆರೆಗೆ ಸರಿಯಾಗಿ ಮಡಚಿ, ಪ್ಲಾಟ್‌ಫಾರ್ಮಿಗೆ ಇಳಿಯುವ ಮೊದಲು ಅಲ್ಲಿರುವ ಡಬ್ಬಿಯ ಸೀಳಿಗೆ ತೂರಿಸಬೇಕು. ಅದು ದಿನ, ಹೊತ್ತು ಒತ್ತಿ ಕೊಡುತ್ತದೆ. ಗೇಟಿಲ್ಲ, ತಡೆಯುವವರಿಲ್ಲ. ಆದರೆ ಒತ್ತಿಸದ ಟಿಕೆಟ್ ಕಿಸೆಯಲ್ಲಿದ್ದರೂ ಇಲ್ಲದ ಲೆಕ್ಕವೇ. ತಪಾಸಣೆಯವರ ಕೈಗೆ ಸಿಕ್ಕಿದರೆ 60 ಯೂರೋ ದಂಡ.

ಡಬ್ಬಿ ‘ಟಕ್’ ಅಂದದ್ದೇ ಮಾವ ಅಲ್ಲೇ ನಿಂತರು. “ಇದು ನಮ್ಮ ಡೇಟಿಂಗ್ ಮೆಷಿನ್ ಮಾರಾಯ!” ದಪ್ಪ ರಟ್ಟಿನ ಟಿಕೆಟಿನ ಕಾಲದಲ್ಲಿ ಕೌಂಟರಿನ ಒಳಗೆ ಕಬ್ಬಿಣದ ಯಂತ್ರಕ್ಕೆ ಟಿಕೆಟಿನ ತುದಿ ಕೊಟ್ಟು ತಾರೀಕು ಒತ್ತುತ್ತಿದ್ದರಲ್ಲ, ಅದೇ ಕೆಲಸ. ಇಲ್ಲಿ ಪ್ರಯಾಣಿಕನೇ ಮಾಡಿಕೊಳ್ಳಬೇಕು.

ಅವರಿಗೆ ನೋಡಬೇಕಾಗಿದ್ದದ್ದು ಒಂದೇ ಊರು, ನ್ಯೂರೆಂಬರ್ಗ್. ಜರ್ಮನಿಯಲ್ಲಿ ಉಗಿಬಂಡಿ ಎಳೆದ ಮೊದಲ ಪ್ರಯಾಣಿಕ ರೈಲು 1835ರ ಡಿಸೆಂಬರ್ 7ರಂದು ಹೊರಟದ್ದು ಅಲ್ಲಿಂದ, ಫ್ಯೂರ್ಟ್‌ಗೆ, ಸುಮಾರು 6 ಕಿಲೋಮೀಟರ್. ಅಲ್ಲಿ ರೈಲ್ವೆ ಮ್ಯೂಸಿಯಂ ಉಂಟು. ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ನಮ್ಮ ರೈಲು ಹೊರಟದ್ದು 1853ರಲ್ಲಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಈ ಇಸವಿಗಳೆಲ್ಲ ಮಾವನಿಗೆ ಮನೆಯವರ ಹುಟ್ಟಿದ ದಿನಗಳಷ್ಟೇ ಪರಿಚಿತ.

ಹೊರಡುವ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆವು. ಒಂದೇ ವೇಗದ ರೈಲಿಗೆ ಮೂರು ದರ.

“ದೂರ ಎಷ್ಟು?”

“170 ಕಿಲೋಮೀಟರ್ ಹತ್ತಿರ, ಮಾವ.”

“ದೂರ ಒಂದೇ, ರೈಲು ಒಂದೇ, ಸೀಟೂ ಒಂದೇ. ಮೂರು ರೇಟ್ ಎಂತಕ್ಕೆ?”

ಒಂದೊಂದೇ ಬಿಡಿಸಿ ಹೇಳಿದೆ. ಎಲ್ಲಕ್ಕಿಂತ ಅಗ್ಗದ್ದು ಸೂಪರ್ ಸ್ಪಾರ್‌ಪ್ರೈಸ್: ಆ ರೈಲಿಗೇ ಹತ್ತಬೇಕು, ರದ್ದು ಮಾಡಿದರೆ ಹಣ ವಾಪಸ್ ಇಲ್ಲ. ಮಧ್ಯದ್ದು ಸ್ಪಾರ್‌ಪ್ರೈಸ್: ಅದಕ್ಕೂ ಅದೇ ರೈಲು, ಆದರೆ ಪ್ರಯಾಣದ ದಿನಕ್ಕೆ ಮೊದಲು ಶುಲ್ಕ ಕಳೆದುಕೊಂಡು ರದ್ದು ಮಾಡಬಹುದು. ದುಬಾರಿಯದ್ದು ಫ್ಲೆಕ್ಸ್‌ಪ್ರೈಸ್: ಆ ದಿನ ಆ ದಾರಿಯ ಯಾವ ರೈಲಾದರೂ ಸರಿ. ಸೀಟು ಕಾದಿರಿಸುವುದು ಬೇರೆಯೇ ಲೆಕ್ಕ, ಕಾದಿರಿಸದೆಯೂ ಹತ್ತಬಹುದು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಇವರು ಮಾರುವುದು ದೂರವನ್ನಲ್ಲ. ಮನಸ್ಸು ಬದಲಿಸುವ ಹಕ್ಕನ್ನು” ಎಂದರು. ಅಲ್ಲಿ ಅಷ್ಟು ವರ್ಷ ಇದ್ದ ನನಗೆ ಯಾರೂ ಅದನ್ನು ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಸೀಟು ತುಂಬಿದ ಹಾಗೆ ದರ ಏರುವ ಪದ್ಧತಿ ನಮ್ಮ ರಾಜಧಾನಿ, ಶತಾಬ್ದಿ, ದುರೊಂತೊಗಳಿಗೂ 2016ರಲ್ಲಿ ಬಂದಿತ್ತು. ಅದು ಅವರಿಗೆ ಗೊತ್ತಿದ್ದದ್ದೇ. ವೇಟಿಂಗ್ ಲಿಸ್ಟ್ ಎಂಬುದೇ ಇಲ್ಲ ಎಂದಾಗ ಮಾತ್ರ ಅವರ ಮುಖ ಬದಲಾಯಿತು. ರಜೆಯ ದಿನಗಳಲ್ಲಿ ಕೌಂಟರಿನ ಆಚೆ ನಿಂತು “ಕನ್ಫರ್ಮ್ ಆಗ್ತದಾ ಸಾರ್?” ಎಂದು ಕೇಳುತ್ತಿದ್ದವರ ಕತೆ ಆ ರಾತ್ರಿ ತುಂಬ ಹೊತ್ತು ನಡೆಯಿತು. ಕೇಳಿದವರಿಗೆಲ್ಲ ಒಂದು ಸಮಾಧಾನದ ಮಾತು ಹೇಳುವುದೇ ಆ ಕೆಲಸದ ಕಷ್ಟ ಎಂದರು.

ಆಮೇಲೆ ಬಯರ್ನ್ ಟಿಕೆಟ್ ತೋರಿಸಿದೆ. ಬವೇರಿಯಾ ರಾಜ್ಯದೊಳಗೆ ಒಂದು ದಿನ ಪೂರ್ತಿ ಓಡಾಟ. ಮೊದಲನೆಯವರಿಗೆ ಒಂದು ದರ, ಮುಂದಿನ ಒಬ್ಬೊಬ್ಬರಿಗೆ ಸ್ವಲ್ಪ ಸ್ವಲ್ಪ ಸೇರಿಸಿ ಐದು ಜನರ ತನಕ. ಪೇಟೆಯ ಟ್ರಾಮ್, ಬಸ್ಸುಗಳೂ ಸೇರಿದವು, ಗಡಿಯಾಚೆ ಆಸ್ಟ್ರಿಯದ ಸಾಲ್ಜ್‌ಬರ್ಗ್ ತನಕವೂ ಹೋಗಬಹುದು. ವೇಗದ ರೈಲಿಗೆ ಸಲ್ಲದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ, ಶನಿವಾರ ಭಾನುವಾರ ನಡುರಾತ್ರಿಯಿಂದಲೇ. ನಮ್ಮದು ಶನಿವಾರ. ನಾವು ನಾಲ್ವರು, ಮೇಲಿನ ಮನೆಯ ಕುಂದಾಪುರದ ಹುಡುಗ ಸೇರಿ ಐದು. ಸಾದಾ ರೈಲು ಮುಕ್ಕಾಲು ಗಂಟೆಯಷ್ಟು ಹೆಚ್ಚು ತೆಗೆದುಕೊಳ್ಳುತ್ತದೆ. “ಆಗ್ಲಿ, ಕಿಟಕಿ ಉಂಟಲ್ಲ” ಎಂದರು ಅತ್ತೆ.

ಟಿಕೆಟಿನ ಮೇಲೆ ಹೆಸರನ್ನು ಮಾವನೇ ಪೆನ್ನಿನಿಂದ ಬರೆದರು, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ. ತಪಾಸಣೆಯ ಹೆಂಗಸು ಬಂದಾಗ ಪಾಸ್‌ಪೋರ್ಟ್ ಜೊತೆ ತಾವೇ ಚಾಚಿದರು. ಆಕೆ ಹೆಸರು ತಾಳೆ ನೋಡಿ, ಮೊಹರು ಒತ್ತಿ, ಮುಂದಿನ ಸೀಟಿಗೆ ಹೋದಳು. “ನೋಡು, ಐದು ಜನರ ಮುಖ ಒಮ್ಮೆ ನೋಡಿದಳು, ಟಿಕೆಟನ್ನು ಎರಡು ಸಲ ನೋಡಿದಳು. ಕೆಲಸ ಗೊತ್ತಿದ್ದವಳು” ಎಂದು ಮಾವ ಮೆಚ್ಚಿದರು. ಮ್ಯೂಸಿಯಂನಲ್ಲಿ ಸಂಜೆಯ ತನಕ ಕಳೆದೆವು.

ಈಗ ಓದಲು ಜರ್ಮನಿಗೆ ಹೊರಟ ಮಕ್ಕಳು ಪಂಪ್‌ವೆಲ್ಲಿನ ಆ ಮನೆಗೆ ಒಮ್ಮೆ ಬಂದೇ ಹೋಗುತ್ತಾರೆ. ಮಾವ ಹೊಸದನ್ನೂ ತಿಳಿದುಕೊಂಡಿದ್ದಾರೆ. 2023ರ ಮೇ 1ರಿಂದ ಇಡೀ ದೇಶದ ಸಾದಾ ರೈಲು, ಬಸ್ಸು, ಟ್ರಾಮುಗಳಿಗೆ ತಿಂಗಳಿಗೊಂದೇ ಟಿಕೆಟ್ ಬಂತು. ಆಗ 49 ಯೂರೋ, 2025ರಲ್ಲಿ 58 ಆಯಿತು. ಮೊನ್ನೆ ಬಂದ ಹುಡುಗನಿಗೆ ಅದನ್ನೇ ವಿವರಿಸುತ್ತಿದ್ದರು: “ಅದು ತಿಂಗಳು ತಿಂಗಳು ತಾನಾಗಿಯೇ ಮುಂದುವರಿಯುತ್ತದೆ. ರಜೆಗೆ ಊರಿಗೆ ಬರುವುದಾದರೆ ಹಿಂದಿನ ತಿಂಗಳ 10ನೇ ತಾರೀಕಿನೊಳಗೆ ಕ್ಯಾನ್ಸಲ್ ಮಾಡು. ಇಲ್ಲದಿದ್ದರೆ ಇಲ್ಲಿದ್ದ ತಿಂಗಳ ದುಡ್ಡೂ ಹೋಗ್ತದೆ.” ಹುಡುಗ ಅಲ್ಲೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡ.