ಓಕೆ ಅಂದ ತಪ್ಪಿಗೆ

ಕಾಲೇಜಿನ ಮೇಲ್ ಸರ್ವರ್ ನನ್ನ ಸುಪರ್ದಿಗೆ ಬಂದಾಗ ಗ್ರೇಲಿಸ್ಟಿಂಗ್ ಮೇಲೆ ನನಗೆ ವಿಪರೀತ ಮೋಹ. 2003ರಲ್ಲಿ ಇವಾನ್ ಹ್ಯಾರಿಸ್ ಮುಂದಿಟ್ಟ ಉಪಾಯ ಅದು. ಕಳಿಸುವ ಯಂತ್ರದ ಐಪಿ, ಕಳಿಸುವವರ ವಿಳಾಸ, ಪಡೆಯುವವರ ವಿಳಾಸ, ಈ ಮೂರೂ ಕೂಡಿ ಮೊದಲ ಸಲ ಕಂಡರೆ ‘ಈಗ ಬೇಡ, ಆಮೇಲೆ ಬಾ’ ಎಂದು 450ರ ಉತ್ತರ ಕೊಟ್ಟು ಸಾಗಹಾಕುವುದು. ನಿಯತ್ತಿನ ಸರ್ವರ್ ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಬರುತ್ತದೆ. ಲಕ್ಷಗಟ್ಟಲೆ ವಿಳಾಸಗಳಿಗೆ ಸುರಿಯುವ ಸ್ಪ್ಯಾಮ್ ಯಂತ್ರಕ್ಕೆ ಅಷ್ಟು ವ್ಯವಧಾನ ಎಲ್ಲಿಯದು? ಈ ಕೆಲಸ ಮಾಡುವ ಪೋಸ್ಟ್‌ಗ್ರೇ ಎಂಬ ಪ್ರೋಗ್ರಾಮ್ ಹಾಕಿದೆ, ಕಸ ಇಳಿಯಿತು, ಬೀಗಿದೆ.

ಬಾರದೆ ಹೋದ ಒಳ್ಳೆಯ ಪತ್ರಗಳ ಲೆಕ್ಕ ಮಾತ್ರ ಯಾರೂ ಇಟ್ಟಿರಲಿಲ್ಲ. ಪ್ರವೇಶಾತಿ ಗಡಿಬಿಡಿಯಲ್ಲಿ ಆಫೀಸಿನವರು, "ಸರ್, ಫೀಸ್ ರಶೀದಿ ಮೇಲ್‌ಗಳು ಬರ್ತಾನೇ ಇಲ್ಲ" ಎಂದರು. ಲಾಗ್ ತೆಗೆದರೆ ಎಲ್ಲವೂ ಅಲ್ಲೇ ಇತ್ತು. ಶುಲ್ಕ ವಸೂಲಿಯ ಜಾಲತಾಣ ಪತ್ರ ಕಳಿಸುತ್ತಿದ್ದುದು ಸರದಿಯೇ ಇಲ್ಲದ ಪುಟ್ಟ ಪ್ರೋಗ್ರಾಮಿನಿಂದ. ಒಮ್ಮೆ ಬೇಡ ಎಂದರೆ ಅದು ಪತ್ರವನ್ನೇ ಎಸೆದುಬಿಡುತ್ತಿತ್ತು.

ಪ್ರಿನ್ಸಿಪಾಲರು ಬೈಯುವ ಮೊದಲು ಸರಿಮಾಡಬೇಕೆಂಬ ಅವಸರ. ನಮ್ಮ ಮೇಲ್ ಸರ್ವರ್ ನಡೆಸುವ ಪ್ರೋಗ್ರಾಮಾದ ಪೋಸ್ಟ್‌ಫಿಕ್ಸ್‌ನ ಕಳಿಸುವವರ ಪಟ್ಟಿಯಲ್ಲಿ ಆ ತಾಣದ ಡೊಮೈನ್ ಬರೆದು ಎದುರಿಗೆ ‘ಓಕೆ’ ಎಂದೆ. ಇರಲಿ ಎಂದು ನಮ್ಮ ಕಾಲೇಜಿನ ಡೊಮೈನನ್ನೂ ಸೇರಿಸಿದೆ. ಆ ಪಟ್ಟಿಯನ್ನು ನೋಡುವ ಸಾಲನ್ನು, ‘ಹೊರಗಿನವರ ಪತ್ರವನ್ನು ಹೊರಗಿನವರಿಗೆ ಸಾಗಿಸಬೇಡ’ ಎಂಬ ನಿಯಮಕ್ಕಿಂತ ಮೇಲೆ ಇಟ್ಟೆ. ಓಕೆ ಎಂದರೆ ‘ಕಾಯಿಸಬೇಡ’ ಎಂದಷ್ಟೇ ನಾನು ತಿಳಿದಿದ್ದೆ. ಪೋಸ್ಟ್‌ಫಿಕ್ಸ್‌ನಲ್ಲಿ ಅದರರ್ಥ, ಆ ಸಾಲಿನ ಕೆಳಗಿರುವ ಯಾವ ತಪಾಸಣೆಯೂ ಬೇಡ ಎಂದು. ಕಳಿಸುವವರ ವಿಳಾಸವನ್ನಂತೂ ಯಾರು ಬೇಕಾದರೂ ಸುಳ್ಳು ಬರೆಯಬಹುದು. ನಮ್ಮ ಹೆಸರು ಹಾಕಿಕೊಂಡವರೆಲ್ಲ ನಮ್ಮ ಸರ್ವರಿನಿಂದಲೇ ಊರಿಗೆಲ್ಲ ಔಷಧಿ ಜಾಹೀರಾತು ಹಂಚತೊಡಗಿದರು. ಸರದಿ ಉಬ್ಬಿತು, ನಮ್ಮ ಐಪಿ ಕಪ್ಪುಪಟ್ಟಿ ಸೇರಿತು, ಪರೀಕ್ಷಾ ವಿಭಾಗದ ಪತ್ರಗಳೂ ವಾಪಸ್ ಬಂದವು.

ನನಗೆ ಮೊದಲು ಹೊಳೆದದ್ದು ಲ್ಯಾಬಿನ ಕಂಪ್ಯೂಟರುಗಳಿಗೆ ವೈರಸ್ ಬಂದಿದೆ ಎಂದು. ಲ್ಯಾಬ್ ಮೇಡಂ ಪಾಪ, ಸಂಜೆವರೆಗೆ ಒಂದೊಂದನ್ನೂ ಸ್ಕ್ಯಾನ್ ಮಾಡುತ್ತ ಕೂತರು. ತಪ್ಪು ನನ್ನದೆಂದು ತಿಳಿದ ಮೇಲೂ ಅದನ್ನು ಅವರಿಗೆ ಹೇಳಲು ನಾನು ತಡಮಾಡಿದೆ. ಈ ಕಥೆಯಲ್ಲಿ ನನಗೆ ಇಂದಿಗೂ ಚುಚ್ಚುವುದು ಅದೇ.

2013ರ ಪೋಸ್ಟ್‌ಫಿಕ್ಸ್ 2.10ರಲ್ಲಿ ಈ ಸಾಗಣೆಯ ನಿಯಮಕ್ಕೆ ಪ್ರತ್ಯೇಕ ಪಟ್ಟಿ ಬಂತು. ಎಡವಿದವನು ನಾನೊಬ್ಬನೇ ಆಗಿರಲಿಕ್ಕಿಲ್ಲ. ಅಷ್ಟರಲ್ಲಿ ನಾನು ಆ ಓಕೆಗಳನ್ನು ಅಳಿಸಿ, ಶುಲ್ಕದ ತಾಣದವರಿಂದ ಐಪಿ ಕೇಳಿ ಪಡೆದು ಪೋಸ್ಟ್‌ಗ್ರೇಯ ಸ್ವಂತ ವೈಟ್‌ಲಿಸ್ಟಿಗೆ ಹಾಕಿದ್ದೆ. ಅಲ್ಲಿ ಸಿಗುವ ವಿನಾಯಿತಿ ಕಾಯುವಿಕೆಯಿಂದ ಮಾತ್ರ, ಉಳಿದ ತಪಾಸಣೆ ತಪ್ಪದು. "ನಮ್ಮ ಡೊಮೈನ್ ಸೇರಿಸಿಬಿಡಿ, ಐಪಿ ಎಲ್ಲ ಗೊತ್ತಿಲ್ಲ" ಎನ್ನುವವರು ಈಗಲೂ ಇದ್ದಾರೆ. ಅವರ ಮೊದಲ ಪತ್ರ ಎಲ್ಲರ ಹಾಗೆ ಐದು ನಿಮಿಷ ಹೊರಗೇ ಕಾಯುತ್ತದೆ.